ಓದುಗರ ಪ್ರಶ್ನೆ: ಕ್ರಿಕೆಟ್‌ಗೆ ವೆಸ್ಟ್ ಇಂಡೀಸ್, ಓಟಕ್ಕೆ ಬಾರ್ಬಡೋಸ್, ಇದ್ಯಾವ ಲೆಕ್ಕ?

"ಸಾರ್, ಕ್ರಿಕೆಟ್‌ನಲ್ಲಿ ವೆಸ್ಟ್ ಇಂಡೀಸ್ ಅಂತ ಒಂದೇ ಟೀಮ್ ಬರತ್ತೆ. ಒಲಿಂಪಿಕ್ಸ್, ಕಾಮನ್‌ವೆಲ್ತ್ ಗೇಮ್ಸ್ ಬಂದ್ರೆ ಜಮೈಕಾ ಬೇರೆ, ಬಾರ್ಬಡೋಸ್ ಬೇರೆ. ಇವ್ರು ಒಂದು ದೇಶನೋ ಹತ್ತು ದೇಶನೋ?"

ಈ ಪ್ರಶ್ನೆ ನಾಲ್ಕು ವರ್ಷಕ್ಕೊಂದ್ಸಲ ಗ್ಯಾರಂಟಿ ಬರತ್ತೆ. ನಮ್ಮನೇಲೇ ಬಂದಿತ್ತು. 2022ರ ಆಗಸ್ಟ್ 3, ರಾತ್ರಿ ಹತ್ತೂವರೆಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಾಮನ್‌ವೆಲ್ತ್ ಗೇಮ್ಸ್‌ನ ಮಹಿಳಾ ಟಿ20, ಇಂಡಿಯಾ ಮ್ಯಾಚು. ಊಟ ಮುಗಿಸಿ ಬಂದು ಕೂತ ಅಪ್ಪ ಸ್ಕ್ರೀನ್ ನೋಡಿ "ಅಲ್ವೋ, ಆಡ್ತಿರೋರು ವಿಂಡೀಸ್‌ನೋರೇ, ಆ ಹೇಲಿ ಮ್ಯಾಥ್ಯೂಸ್ ಇದಾಳೆ, ಡಾಟಿನ್ ಇದಾಳೆ, ಡ್ರೆಸ್ ಯಾಕೆ ಮೆರೂನ್ ಇಲ್ಲ, ಸ್ಕೋರ್‌ಬೋರ್ಡಲ್ಲಿ ಬಾರ್ಬಡೋಸ್ ಅಂತ ಯಾಕಿದೆ" ಅಂದ್ರು. ಆವಾಗ ನಾನು ಕೊಟ್ಟ ಉತ್ತರ ಅರ್ಧಂಬರ್ಧ, ಇವತ್ತು ಪೂರ್ತಿ ಹೇಳ್ತೀನಿ.

ಒಂದೇ ಮಾತಲ್ಲಿ ಹೇಳೋದಾದ್ರೆ, ವೆಸ್ಟ್ ಇಂಡೀಸ್ ಅನ್ನೋ ದೇಶ ಭೂಮಿ ಮೇಲೆ ಇಲ್ಲ. ಅದು ಕೆರಿಬಿಯನ್ ಸಮುದ್ರದ ಕಡೆಯ ಪ್ರದೇಶಕ್ಕೆ ಇರೋ ಹೆಸರು, ಆ ಹೆಸರಲ್ಲಿ ಒಂದು ಕ್ರಿಕೆಟ್ ಟೀಮ್ ಇದೆ ಅಷ್ಟೇ. ಆದ್ರೆ ಅಲ್ಲಿರೋ ಬಾರ್ಬಡೋಸ್, ಜಮೈಕಾ ಥರದವು ನಿಜವಾದ ದೇಶಗಳು. ಬಾರ್ಬಡೋಸ್ ಕಥೆ ನೋಡೋಣ. 2024ರಲ್ಲಿ ಟಿ20 ವರ್ಲ್ಡ್ ಕಪ್ ಗೆದ್ದು ನಮ್ಮ ದ್ರಾವಿಡ್ ಕಪ್ ಹಿಡ್ಕೊಂಡು ಜೋರಾಗಿ ಕೂಗಿದ್ರಲ್ಲ, ಆ ಕೆನ್ಸಿಂಗ್ಟನ್ ಓವಲ್ ಇರೋದು ಅದರ ರಾಜಧಾನಿ ಬ್ರಿಡ್ಜ್‌ಟೌನ್‌ನಲ್ಲಿ. ಇಡೀ ದೇಶ ಅಂದ್ರೆ ಸುಮಾರು 430 ಚದರ ಕಿಲೋಮೀಟರ್, ನಮ್ಮ ಬೆಂಗಳೂರು ಸಿಟಿಗಿಂತ ಚಿಕ್ಕದು, ಜನ ಮೂರು ಲಕ್ಷಕ್ಕಿಂತ ಕಮ್ಮಿ. ಬಾವುಟ ನೀಲಿ, ಹಳದಿ, ನೀಲಿ, ಮಧ್ಯ ಕಪ್ಪು ತ್ರಿಶೂಲ. ಸರಿಯಾಗಿ ನೋಡಿ, ತ್ರಿಶೂಲದ ಮೇಲಿನ ಭಾಗ ಮಾತ್ರ ಇದೆ, ಹಿಡಿ ಇಲ್ಲ. ಬ್ರಿಟಿಷರ ಆಳ್ವಿಕೆಯಿಂದ ಮುರಿದುಕೊಂಡು ಬಂದ್ವಿ ಅಂತ ಹೇಳೋಕೆ ಬೇಕಂತಲೇ ಮುರಿದ ತ್ರಿಶೂಲ ಇಟ್ಟಿದಾರೆ.

ನಾವು ಕ್ರಿಕೆಟ್ ಕಡೆಯಿಂದ ನೋಡ್ತೀವಲ್ಲ, ಅದಕ್ಕೆ ಇವರೆಲ್ಲ ಒಂದಾಗಿದ್ದು ಗೇಮ್ಸ್‌ಗೆ ಮಾತ್ರ ಬೇರೆಯಾಗಿ ಬರ್ತಾರೆ ಅನ್ಸತ್ತೆ. ನಿಜ ಉಲ್ಟಾ. ಫುಟ್‌ಬಾಲ್, ಅಥ್ಲೆಟಿಕ್ಸ್, ಈಜು, ವಿಶ್ವಸಂಸ್ಥೆ ಎಲ್ಲಾ ಕಡೆ ಬೇರೆ ಬೇರೆನೇ, ಕ್ರಿಕೆಟ್ ಒಂದೇ ಹಳೇ ಕೂಡುಕುಟುಂಬದ ಮನೆ ಥರ ಉಳ್ಕೊಂಡಿದೆ. ವೆಸ್ಟ್ ಇಂಡೀಸ್ ಟೆಸ್ಟ್ ಆಡೋಕೆ ಶುರು ಮಾಡಿದ್ದು 1928ರಲ್ಲಿ, ಆಗ ಇದ್ಯಾವುದೂ ದೇಶವೇ ಅಲ್ಲ, ಎಲ್ಲಾ ಬ್ರಿಟಿಷ್ ಕಾಲೊನಿಗಳು, ಹಾಗಾಗಿ ಸೇರಿಸಿ ಒಂದು ಟೀಮ್ ಮಾಡಿದ್ರು. ಆಮೇಲೆ ದೇಶಗಳು ಹುಟ್ಟಿದ್ವು, ಟೀಮ್ ಒಡೀಲಿಲ್ಲ.

ಹಾಗಂತ ಒಲಿಂಪಿಕ್ಸ್‌ನಲ್ಲಿ ಒಟ್ಟಿಗೆ ಹೋಗೇ ಇಲ್ಲ ಅಂತಲ್ಲ, ಒಂದೇ ಒಂದ್ಸಲ ಹೋಗಿದಾರೆ, ನನಗೆ ತುಂಬಾ ಇಷ್ಟದ ಕಥೆ ಇದು. 1958ರಲ್ಲಿ ಈ ದ್ವೀಪಗಳನ್ನ ಸೇರಿಸಿ ವೆಸ್ಟ್ ಇಂಡೀಸ್ ಫೆಡರೇಷನ್ ಅಂತ ಮಾಡಿದ್ರು, ಮುಂದೆ ಅದೇ ಸ್ವತಂತ್ರ ದೇಶ ಆಗ್ಬೇಕು ಅನ್ನೋ ಪ್ಲಾನು. 1960ರ ರೋಮ್ ಒಲಿಂಪಿಕ್ಸ್‌ಗೆ ಆ ಫೆಡರೇಷನ್ ಹೆಸರಲ್ಲೇ ಹೋಗಿ ಎರಡು ಕಂಚು ತಂದ್ರು, ಒಂದು 800 ಮೀಟರ್‌ನಲ್ಲಿ ಜಾರ್ಜ್ ಕೆರ್, ಇನ್ನೊಂದು 4x400 ರಿಲೇ. ರಿಲೇಲಿ ಓಡಿದ ನಾಲ್ವರಲ್ಲಿ ಮೂವರು ಜಮೈಕಾದವರು, ಜಿಮ್ ವೆಡರ್‌ಬರ್ನ್ ಒಬ್ಬ ಬಾರ್ಬಡೋಸ್‌ನವನು.

ಆ ಜಮೈಕಾ ಮೂವರಲ್ಲಿ ಒಬ್ಬನ ಹೆಸರು ಮಾಲ್ಕಮ್ ಸ್ಪೆನ್ಸ್. ಈ ಹೆಸರು ಎಲ್ಲೋ ಕೇಳಿದೀವಲ್ಲ ಅನ್ಸಿದ್ರೆ ನೀವು ಮಿಲ್ಖಾ ಸಿಂಗ್ ಕಥೆ ಓದಿರ್ತೀರ. ಅದೇ ರೋಮ್‌ನಲ್ಲಿ 400 ಮೀಟರ್ ಫೈನಲ್‌ನಲ್ಲಿ ನಮ್ಮ ಮಿಲ್ಖಾಗೆ ಕೂದಲೆಳೆಯಲ್ಲಿ ಕಂಚು ತಪ್ಪಿಸಿದವನೂ ಮಾಲ್ಕಮ್ ಸ್ಪೆನ್ಸೇ, ಆದ್ರೆ ಅವನು ಸೌತ್ ಆಫ್ರಿಕಾದವನು, ಬೇರೆ ಆಸಾಮಿ. ಒಂದೇ ಹೆಸರಿನ ಇಬ್ರಿಗೂ ಅದೇ ಒಲಿಂಪಿಕ್ಸ್‌ನಲ್ಲಿ ಕಂಚು! ಇದನ್ನ ಕ್ವಿಜ್‌ಗೆ ಇಟ್ಕೊಳ್ಳಿ.

ಫೆಡರೇಷನ್ ಮಾತ್ರ ಬಾಳಲಿಲ್ಲ. 1961ರಲ್ಲಿ ಜಮೈಕಾ ಜನ ವೋಟ್ ಹಾಕಿ ನಾವಿರಲ್ಲ ಅಂದ್ರು, ದೊಡ್ಡ ಮನೆಯವ್ರೇ ಎದ್ದೋದ್ಮೇಲೆ ಟ್ರಿನಿಡಾಡ್ ತಾನ್ಯಾಕೆ ಕೂರತ್ತೆ, 1962ರಲ್ಲಿ ಎಲ್ಲಾ ಮುಗೀತು. ಬಾರ್ಬಡೋಸ್‌ಗೆ ಸ್ವಾತಂತ್ರ್ಯ ಸಿಕ್ಕಿದ್ದು 1966ರ ನವೆಂಬರ್ 30ಕ್ಕೆ, ಎರಡೇ ವರ್ಷಕ್ಕೆ 1968ರ ಮೆಕ್ಸಿಕೋ ಒಲಿಂಪಿಕ್ಸ್‌ಗೆ ಸ್ವಂತ ಹೆಸರಲ್ಲಿ ಹೋದ್ರು. ಸ್ವಂತ ಬಾವುಟದಡಿ ಮೊದಲ ಒಲಿಂಪಿಕ್ ಪದಕಕ್ಕೆ 2000ದ ಸಿಡ್ನಿವರೆಗೂ ಕಾಯ್ಬೇಕಾಯ್ತು, 100 ಮೀಟರ್‌ನಲ್ಲಿ ಒಬಡೆಲೆ ಥಾಂಪ್ಸನ್‌ಗೆ ಕಂಚು. ನೋಡಿ, ಮೂರು ಲಕ್ಷವೂ ಇಲ್ಲದ ದೇಶ, 100 ಮೀಟರ್ ಪೋಡಿಯಮ್ಮು. ಹೊಟ್ಟೆ ಉರಿಯತ್ತೆ ಸ್ವಲ್ಪ.

ರೂಲ್ಸ್ ವಿಷಯ ಬೇಗ ಮುಗಿಸ್ತೀನಿ. ಒಲಿಂಪಿಕ್ಸ್‌ಗೆ ಆಟಗಾರರನ್ನ ಕಳಿಸೋದು ಆಯಾ ದೇಶದ ಒಲಿಂಪಿಕ್ ಕಮಿಟಿ. ಬಾರ್ಬಡೋಸ್‌ಗೆ ಒಂದಿದೆ, ಜಮೈಕಾಗೆ ಒಂದಿದೆ, ವೆಸ್ಟ್ ಇಂಡೀಸ್‌ಗೆ ಇಲ್ಲ. ಕಾಮನ್‌ವೆಲ್ತ್ ಗೇಮ್ಸ್‌ಗೂ ಹೀಗೇ, ಆದ್ರೆ ಅಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್ ಬೇರೆ ಬೇರೆ ಬರ್ತಾರೆ, ಒಲಿಂಪಿಕ್ಸ್‌ನಲ್ಲಿ ಅವರೇ ಸೇರ್ಕೊಂಡು ಗ್ರೇಟ್ ಬ್ರಿಟನ್ ಆಗ್ತಾರೆ. ಕೆರಿಬಿಯನ್‌ನೋರ ಲೆಕ್ಕ ನಮಗೆ ಗೋಜಲು ಅನ್ಸತ್ತೆ, ಇಂಗ್ಲೆಂಡಿನ ಲೆಕ್ಕ ಯಾಕೋ ಯಾರೂ ಕೇಳಲ್ಲ.

ಈಗ ಅಪ್ಪನ ಪ್ರಶ್ನೆಗೆ ಬರೋಣ. 2022ಕ್ಕೆ ಮಹಿಳಾ ಕ್ರಿಕೆಟ್ ಸೇರಿಸಿದಾಗ ರ‍್ಯಾಂಕಿಂಗ್ ಮೇಲೆ ವೆಸ್ಟ್ ಇಂಡೀಸ್‌ಗೆ ಜಾಗ ಸಿಕ್ತು, ಆದ್ರೆ ವೆಸ್ಟ್ ಇಂಡೀಸ್ ಹೋಗೋ ಹಾಗಿಲ್ಲ, ಹಾಗಾದ್ರೆ ಯಾವ ದ್ವೀಪ ಹೋಗ್ಬೇಕು? ಅದಕ್ಕೊಂದು ಕ್ವಾಲಿಫೈಯರ್ ಮಾಡೋಣ ಅಂದ್ರು, ಕೊರೊನಾ ಬಂದು ಅದೂ ಕ್ಯಾನ್ಸಲ್. ಕೊನೆಗೆ ಅವರ ಪ್ರಾದೇಶಿಕ ಟಿ20 ಚಾಂಪಿಯನ್ ಯಾರಿದ್ರೋ ಅವರನ್ನೇ ಕಳಿಸಿದ್ರು, ಅದು ಬಾರ್ಬಡೋಸ್. ಜಮೈಕಾದ ಸ್ಟೆಫನಿ ಟೇಲರ್ ಅಂಥ ದೊಡ್ಡ ಪ್ಲೇಯರ್‌ಗೆ ಹೀಗೆ ಚಾನ್ಸೇ ಇಲ್ಲ, ಅನ್ಯಾಯ ಅಂತ ನನಗಂತೂ ಅನ್ಸತ್ತೆ.

ಬಾರ್ಬಡೋಸ್‌ನೋರು ಮೊದಲ ಮ್ಯಾಚ್‌ನಲ್ಲೇ ಪಾಕಿಸ್ತಾನವನ್ನ 15 ರನ್ನಿಂದ ಸೋಲಿಸಿದ್ರು. ಆಮೇಲೆ ಆಸ್ಟ್ರೇಲಿಯಾ 64ಕ್ಕೆ ಆಲೌಟ್ ಮಾಡಿ ಕಳಿಸ್ತು. ನಮ್ಮ ಮೇಲೆ ಇನ್ನೂ ಕಷ್ಟ ಆಯ್ತು, ಇಂಡಿಯಾ 162, ಜೆಮಿಮಾ ಔಟಾಗದೆ 56, ಆಮೇಲೆ ರೇಣುಕಾ ಸಿಂಗ್ ನಾಲ್ಕು ಓವರ್‌ನಲ್ಲಿ ಹತ್ತೇ ರನ್ ಕೊಟ್ಟು ನಾಲ್ಕು ವಿಕೆಟ್, ಅವರು 62ಕ್ಕೆ 8, ಸರಿಯಾಗಿ ನೂರು ರನ್ ಸೋಲು. ನಮ್ಮ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಕೂಡ ಆ ಗೇಮ್ಸ್‌ನ ಇಂಡಿಯಾ ಸ್ಕ್ವಾಡ್‌ನಲ್ಲಿದ್ರು. ಡಾಟಿನ್ ಕಥೆ ಇನ್ನೂ ಮಜಾ, ಆ ಗೇಮ್ಸ್ ನಡೀತಿರುವಾಗಲೇ ವೆಸ್ಟ್ ಇಂಡೀಸ್ ಟೀಮಿಗೆ ಗುಡ್‌ಬೈ ಹೇಳಿಬಿಟ್ಲು, ಬಾರ್ಬಡೋಸ್‌ಗೆ ಮಾತ್ರ ಆಡ್ತಾ ಇದ್ಲು! ಎರಡೂ ಒಂದೇ ಅಲ್ಲ ಅನ್ನೋಕೆ ಇದಕ್ಕಿಂತ ಉದಾಹರಣೆ ಬೇಕಾ. ಚಿಕ್ಕವಳಿದ್ದಾಗ ಜಾವೆಲಿನ್ ಎಸೀತಿದ್ದ ಹುಡುಗಿ ಅವಳು, ಆವಾಗಲೂ ಎಸೆದಿದ್ದು ಬಾರ್ಬಡೋಸ್ ಹೆಸರಲ್ಲೇ. 2024ರಲ್ಲಿ ಮತ್ತೆ ವಿಂಡೀಸ್‌ಗೆ ವಾಪಸ್ ಬಂದ್ಲು ಅನ್ನೋದು ಬೇರೆ ಮಾತು.

ನಾವು ಕ್ರಿಕೆಟ್ ನೋಡ್ಕೊಂಡು ಬಾರ್ಬಡೋಸ್ ಸೋತ್ರು ಅಂತ ಟಿವಿ ಆಫ್ ಮಾಡಿದ್ವಿ, ಅದೇ ಗೇಮ್ಸ್‌ನಲ್ಲಿ ಸಾಡಾ ವಿಲಿಯಮ್ಸ್ 400 ಮೀಟರ್ ಅನ್ನ 49.90 ಸೆಕೆಂಡಿನಲ್ಲಿ ಓಡಿ ಗೇಮ್ಸ್ ರೆಕಾರ್ಡ್ ಜೊತೆ ಚಿನ್ನ ಹೊಡೆದ್ಲು. ಹರ್ಡಲ್ಸ್‌ನಲ್ಲಿ ಶೇನ್ ಬ್ರಾತ್‌ವೈಟ್ ಬೆಳ್ಳಿ, ಗಂಡಸರ 400ರಲ್ಲಿ ಜೊನಾಥನ್ ಜೋನ್ಸ್ ಕಂಚು.

ಇನ್ನೊಂದು, 2022 ಮೊದಲ ಸಲ ಅಲ್ಲ. 1998ರ ಕ್ವಾಲಾಲಂಪುರ ಕಾಮನ್‌ವೆಲ್ತ್ ಗೇಮ್ಸ್‌ನಲ್ಲೂ ಕ್ರಿಕೆಟ್ ಇತ್ತು, ಬಾರ್ಬಡೋಸ್, ಜಮೈಕಾ, ಆಂಟಿಗಾ ಮೂರೂ ಬೇರೆ ಬೇರೆ ಟೀಮ್. ಸಚಿನ್, ನಮ್ಮ ಕುಂಬ್ಳೆ ಎಲ್ಲಾ ಇದ್ದ ಇಂಡಿಯಾ ಟೀಮು ಆಂಟಿಗಾ ಜೊತೆ ಆಡ್ತು, ಮಳೆ ಬಂದು ರಿಸಲ್ಟೇ ಬರಲಿಲ್ಲ.

"ಹಾಗಾದ್ರೆ 2028ಕ್ಕೆ ಲಾಸ್ ಏಂಜಲೀಸ್‌ನಲ್ಲಿ ಕ್ರಿಕೆಟ್ ಇದ್ಯಲ್ಲ, ವಿಂಡೀಸ್ ಬರತ್ತಾ" ಅಂತ ಮುಂದಿನ ಪ್ರಶ್ನೆ ಬಂದೇ ಬರತ್ತೆ. ಗಂಡಸರಿಗೆ ಆರೇ ಟೀಮು, ಹೆಂಗಸರಿಗೆ ಆರೇ ಟೀಮು, ಮೆರೂನ್ ಜರ್ಸಿ ಹಾಕ್ಕೊಂಡು ವೆಸ್ಟ್ ಇಂಡೀಸ್ ಅನ್ನೋ ಹೆಸರಲ್ಲಿ ಒಳಗೆ ಬರೋ ಹಾಗಿಲ್ಲ, ಬಂದ್ರೆ ಯಾವುದೋ ಒಂದು ದೇಶದ ಬಾವುಟ ಹಿಡ್ಕೊಂಡೇ ಬರ್ಬೇಕು. ಶಾಯ್ ಹೋಪ್ ಬಾರ್ಬಡೋಸ್, ರೋವ್ಮನ್ ಪೊವೆಲ್ ಜಮೈಕಾ, ಹೆಟ್‌ಮೈರ್ ಗಯಾನಾ. ಒಂದೇ ಡ್ರೆಸಿಂಗ್ ರೂಮಲ್ಲಿ ಕೂತ್ಕೊಳ್ಳೋ ಈ ಮೂವರಲ್ಲಿ ಒಬ್ಬ ಆಡೋಕೆ ಹೋದ್ರೆ ಉಳಿದಿಬ್ರು ನಮ್ಮಪ್ಪನ ಥರ ಮನೇಲಿ ಟಿವಿ ಮುಂದೆ.