ನಾಲಗೆಯ 41 ಫೋಟೊಗಳು

ಮಂಡ್ಯದವರು ಎಚ್‌ಐವಿ ಪರೀಕ್ಷೆಗೆ ಮೈಸೂರಿಗೆ ಬರುತ್ತಾರೆ, ಮೈಸೂರಿನವರು ಮಂಡ್ಯಕ್ಕೆ ಹೋಗುತ್ತಾರೆ. ಗುರುತಿನವರು ಕಂಡಾರು ಎಂಬ ಅಳುಕು. ಶ್ರೀರಂಗಪಟ್ಟಣದ ಹತ್ತಿರ ಇಬ್ಬರ ಬಸ್ಸುಗಳೂ ಎದುರಾಗುತ್ತಿರಬಹುದು ಎಂದುಕೊಂಡು ಎಷ್ಟೋ ಸಲ ನಕ್ಕಿದ್ದೇನೆ.

ಹಾಗೆ ಮೈಸೂರಿಗೆ ಬಂದವನೊಬ್ಬ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಕೂರುವ ಮೊದಲೇ ಮೊಬೈಲ್ ಮುಂದೆ ಹಿಡಿದ. ಅವನದೇ ನಾಲಗೆಯ 41 ಫೋಟೊ, ಬೆಳಿಗ್ಗೆಯದು, ರಾತ್ರಿಯದು. “ಬೆಳ್ಳಗಾಗಿದೆ ಅಲ್ಲವಾ ಮೇಡಂ?” ಕಾಂಡೋಮ್ ಇಲ್ಲದ ಒಂದು ರಾತ್ರಿ ಕಳೆದು ಐದು ವಾರವಾಗಿತ್ತು. ಮೂರು ಕೆ.ಜಿ. ಇಳಿದಿದ್ದೇನೆ ಎಂದ. ತೂಕ ನೋಡಿಕೊಂಡದ್ದು ಆಲೆಮನೆಯಲ್ಲಿ, ಬೆಲ್ಲ ತೂಗುವ ಯಂತ್ರದ ಮೇಲೆ ನಿಂತು.

ಕತ್ತು ಮುಟ್ಟಿ ನೋಡಿದೆ. ಗ್ರಂಥಿ ಊದಿರಲಿಲ್ಲ, ದವಡೆಯ ಕೆಳಗೆ ಚರ್ಮ ಮಾತ್ರ ಕೆಂಪಾಗಿತ್ತು. ದಿನಕ್ಕೆ ಮೂವತ್ತು ಸಲ ಒತ್ತಿಕೊಂಡರೆ ಯಾರ ಕತ್ತಾದರೂ ನೋಯುತ್ತದೆ. ನಾಲಗೆಯನ್ನು ಬ್ರಷ್ಷಿನಲ್ಲಿ ತಿಕ್ಕಿ ತಿಕ್ಕಿ ಗಾಯ ಮಾಡಿಕೊಂಡಿದ್ದ. ಊಟ ಸೇರುತ್ತಿರಲಿಲ್ಲ, ನಿದ್ದೆ ಇರಲಿಲ್ಲ. ತೂಕ ಇಳಿಯದೆ ಇನ್ನೇನು? ಹೆದರಿಕೆಗೂ ಬೆವರು ಬರುತ್ತದೆ, ಭೇದಿಯಾಗುತ್ತದೆ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಸೋಂಕು ತಗುಲಿದ ಎರಡರಿಂದ ನಾಲ್ಕು ವಾರದಲ್ಲಿ ಜ್ವರ, ಗಂಟಲು ನೋವು, ಮೈಮೇಲೆ ದದ್ದು ಬರುವುದುಂಟು. ಡೆಂಗಿಗೂ ಅದೇ, ಫ್ಲೂಗೂ ಅದೇ. ಕೆಲವರಿಗೆ ಏನೂ ಆಗುವುದಿಲ್ಲ. ಹಾಗಾಗಿ ಲಕ್ಷಣ ನೋಡಿ ‘ಇದೆ’ ಎನ್ನಲೂ ಆಗದು, ‘ಇಲ್ಲ’ ಎನ್ನಲೂ ಆಗದು. ನಾನು ಕೇಳುವುದು ತಾರೀಖನ್ನು.

ಘಟನೆ ನಡೆದು 72 ಗಂಟೆಯೊಳಗೆ ಬಂದಿದ್ದರೆ ಸೋಂಕು ತಡೆಯುವ ಮಾತ್ರೆಗಳನ್ನು 28 ದಿನ ಕೊಡಬಹುದಿತ್ತು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಆ ಮೂರು ದಿನ ಅವನು ಕನ್ನಡಿಯ ಮುಂದೆ ಕಳೆದಿದ್ದ. ಹನ್ನೆರಡನೇ ದಿನ ಖಾಸಗಿ ಲ್ಯಾಬಿನಲ್ಲಿ ರಕ್ತ ಕೊಟ್ಟು ‘ನೆಗೆಟಿವ್’ ಬಂದಿತ್ತು, ನಂಬಿರಲಿಲ್ಲ. ನಂಬದೆ ಇದ್ದದ್ದೇ ಸರಿ. ಆ್ಯಂಟಿಜನ್ (ವೈರಸ್ಸಿನದೇ ತುಣುಕು) ಮತ್ತು ಪ್ರತಿಕಾಯ (ಅದರ ವಿರುದ್ಧ ಮೈ ತಯಾರಿಸುವ ಪ್ರೋಟೀನು) ಎರಡನ್ನೂ ಹುಡುಕುವ ಲ್ಯಾಬ್ ಪರೀಕ್ಷೆಗೆ 45 ದಿನ ಕಾಯಬೇಕು. ಪ್ರತಿಕಾಯವನ್ನಷ್ಟೇ ನೋಡುವ ರ‍್ಯಾಪಿಡ್ ಪರೀಕ್ಷೆಗೆ ಮೂರು ತಿಂಗಳು. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. ಫಲಿತಾಂಶ ಗುಟ್ಟಾಗಿಡಬೇಕೆಂದು 2017ರ ಎಚ್‌ಐವಿ-ಏಡ್ಸ್ ಕಾಯ್ದೆಯೇ ಹೇಳುತ್ತದೆ. ಬಸ್ ಹತ್ತುವ ಮೊದಲು ಕೇಳುವುದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಬಹುದು.

“ನೋಡಪ್ಪಾ, ಇನ್ನು ಹತ್ತು ದಿನ. ಅಲ್ಲಿಯವರೆಗೆ ಫೋಟೊ ಬೇಡ, ರಕ್ತದಾನ ಬೇಡ, ಕಾಂಡೋಮ್ ಮರೆಯಬೇಡ” ಎಂದು ಕಳಿಸಿದೆ. ಬಂದ. ಎಚ್‌ಐವಿ ನೆಗೆಟಿವ್. ಅದೇ ರಕ್ತದಲ್ಲಿ ಮಾಡಿಸಿದ ಸಿಫಿಲಿಸ್ (ಲೈಂಗಿಕ ಸಂಪರ್ಕದಿಂದ ಹರಡುವ ಇನ್ನೊಂದು ರೋಗ) ಪರೀಕ್ಷೆ ಪಾಸಿಟಿವ್. ದೃಢೀಕರಣದ ಪರೀಕ್ಷೆಯೂ ಹಾಗೇ ಬಂತು.

“ಕೆಳಗೆ ಎಲ್ಲಾದರೂ ಹುಣ್ಣಾಗಿತ್ತಾ?”

ತಲೆ ತಗ್ಗಿಸಿದ. “ಮೂರನೇ ವಾರದಲ್ಲಿ ಒಂದು ಆಗಿತ್ತು ಮೇಡಂ. ನೋವಿರಲಿಲ್ಲ, ಅದಕ್ಕೇ ಸುಮ್ಮನಿದ್ದೆ. ಈಗ ಮಾಯವಾಗಿದೆ.”

ಮೊದಲ ದಿನ ನಾನೂ ಕೇಳಿರಲಿಲ್ಲ, ಪರೀಕ್ಷಿಸಿಯೂ ಇರಲಿಲ್ಲ. ಅವನ ಜೊತೆ ಕೂತು ನಾಲಗೆಯ ಫೋಟೊ ನೋಡಿದ್ದೆ. ಸೊಂಟದ ಎರಡೂ ಬದಿಗೆ ಪೆನ್ಸಿಲಿನ್ ಚುಚ್ಚುಮದ್ದು ಕೊಡಿಸಿದೆ. ಸಿಫಿಲಿಸ್‌ನ ಅಂಥ ಹುಣ್ಣಿದ್ದಾಗ ಎಚ್‌ಐವಿ ಸುಲಭವಾಗಿ ದಾಟುತ್ತದೆ. ಮೂರು ತಿಂಗಳಿಗೆ ಇನ್ನೊಮ್ಮೆ ನೋಡೋಣ ಎಂದು ಚೀಟಿಯ ಮೇಲೆ ತಾರೀಖು ಬರೆದುಕೊಟ್ಟೆ.