ಥೀಮ್ ಕೇಳುವ ಮುನ್ನ ‘ಅಬೌಟ್’ ತೆರೆಯಿರಿ

‘ಸರ್, ನಮ್ಮ ಕಾಲೇಜ್ ಲ್ಯಾಬ್‌ಗೆ ಹಳದಿ-ಕೆಂಪು ಥೀಮ್ ಮಾಡಿಕೊಡಿ, ಹಿಂದೆ ನಂದಿಬೆಟ್ಟ ಇರಲಿ. ರಾಜ್ಯೋತ್ಸವಕ್ಕೆ ಬೇಕು, ಅರ್ಜೆಂಟ್.’ ಕಂಪ್ಯೂಟರ್ ಪರದೆಯ ಬಣ್ಣ, ಚಿತ್ರ, ಐಕಾನ್‌ಗಳ ಸಜ್ಜಿಗೆ, ಅಂದರೆ ಥೀಮ್‌ಗೆ, ಚಿಕ್ಕಬಳ್ಳಾಪುರದಿಂದ ಇಂಥ ಕೋರಿಕೆ ಬಂದರೆ, ಪುಕ್ಕಟೆಯಾಗಿ ಬಿಡುವಿನ ವೇಳೆಯಲ್ಲಿ ಕೂತು ಮಾಡಿಕೊಡುವವರಿಗೆ ಎಲ್ಲಿಂದ ಕೈಹಚ್ಚಬೇಕೆಂದೇ ತಿಳಿಯದು. ಯಾವ ಸಿಸ್ಟಂ, ಎಷ್ಟು ದೊಡ್ಡ ಪರದೆ, ಫೋಟೊ ಯಾರದು ಎಂದು ವಿಚಾರಿಸುವುದರಲ್ಲೇ ವಾರ ಕಳೆಯುತ್ತದೆ.

ಮೊದಲು ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್’ ಪುಟ ತೆರೆದು ಅದರ ಸ್ಕ್ರೀನ್‌ಶಾಟ್ ಕಳಿಸಿ. ‘ಲಿನಕ್ಸ್’ ಎಂದಷ್ಟೇ ಹೇಳಿದರೆ ಸಾಲದು, ಆ ಪುಟದಲ್ಲಿ ಇಲ್ಲದ್ದನ್ನು ಬರೆದು ತಿಳಿಸಿ. ‘ಲಿನಕ್ಸ್ ಮಿಂಟ್ 21.3, ಸಿನಮನ್, 1366×768, ಸ್ಕೇಲಿಂಗ್ 100%’ ಎಂದು ಸಿಸ್ಟಂ, ಡೆಸ್ಕ್‌ಟಾಪ್ (ಪರದೆಯ ಕಿಟಕಿ, ಮೆನುಗಳ ಏರ್ಪಾಡು), ಪರದೆಯ ಅಳತೆ, ಅಕ್ಷರ-ಚಿತ್ರಗಳನ್ನು ಹಿಗ್ಗಿಸಿದ ಪ್ರಮಾಣ ಎಲ್ಲವನ್ನೂ ಹೇಳಿದರೆ ಕೆಲಸ ಶುರುವಾಗುತ್ತದೆ. ಆವೃತ್ತಿಯನ್ನು ಇಷ್ಟು ಒತ್ತಿ ಕೇಳುವುದಕ್ಕೆ ಕಾರಣವಿದೆ. 2022ರಲ್ಲಿ ಬಂದ ಗ್ನೋಮ್ (ಲಿನಕ್ಸ್‌ನ ಒಂದು ಡೆಸ್ಕ್‌ಟಾಪ್) 42ರಿಂದ ಅದರ ಅನೇಕ ಆ್ಯಪ್‌ಗಳು ಹಳೆಯ ಜಿಟಿಕೆ (ಕಿಟಕಿ, ಗುಂಡಿಗಳನ್ನು ಬಿಡಿಸುವ ತಂತ್ರಾಂಶ) ಥೀಮ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅರ್ಧ ಕಿಟಕಿಗಳು ಹೊಸ ಬಣ್ಣದಲ್ಲಿ, ಉಳಿದರ್ಧ ಹಳೆಯದರಲ್ಲೇ ನಿಲ್ಲುತ್ತವೆ. ಕೆಡಿಇ ಎಂಬ ಇನ್ನೊಂದು ಡೆಸ್ಕ್‌ಟಾಪ್ ಬಳಸುವವರು ಅದರ ಆವೃತ್ತಿ ಪ್ಲಾಸ್ಮಾ 5 ಅಥವಾ 6 ಎಂದು ತಿಳಿಸಲೇಬೇಕು.

ವಿಂಡೋಸ್‌ನಲ್ಲಿ ವಾಲ್‌ಪೇಪರ್, ಬಣ್ಣ, ಶಬ್ದ, ಕರ್ಸರ್, ಡೆಸ್ಕ್‌ಟಾಪ್ ಐಕಾನ್ ಇವಿಷ್ಟೂ ಸಾಮಾನ್ಯ ಥೀಮ್ ಫೈಲಿನೊಳಗೇ ಬರುತ್ತವೆ. ಗುಂಡಿಗಳ, ಟೈಟಲ್ ಬಾರ್‌ನ ಆಕಾರವೇ ಬದಲಾಗಬೇಕೆಂದರೆ ಮಾತ್ರ ಸಿಸ್ಟಂ ಫೈಲಿಗೆ ಪ್ಯಾಚ್ ಹಾಕಬೇಕು, ಅಂದರೆ ಆ ಫೈಲನ್ನೇ ತಿದ್ದಬೇಕು. ಮುಂದಿನ ಅಪ್‌ಡೇಟ್‌ಗೆ ಅದು ಕೆಡಬಹುದು. ಹತ್ತಾರು ಮಕ್ಕಳು ಕೂರುವ ಲ್ಯಾಬ್ ಯಂತ್ರಕ್ಕೆ ಇದನ್ನು ಕೇಳಲೇಬೇಡಿ. ನಿಜ ಹೇಳಬೇಕೆಂದರೆ, ಥೀಮ್ ಬೇಕೆನ್ನುವ ಬಹುತೇಕರಿಗೆ ಒಂದು ವಾಲ್‌ಪೇಪರ್, ಎರಡು ಬಣ್ಣ ಸಾಕು.

ಐಕಾನ್ ಲೆಕ್ಕ ಬೇರೆಯೇ. ಒಂದೊಂದು ಐಕಾನೂ 16, 22, 24, 32, 48 ಪಿಕ್ಸೆಲ್ ಅಳತೆಗಳಲ್ಲಿ ಬೇಕಾಗುತ್ತದೆ. 40 ಐಕಾನ್ ಎಂದರೆ 200 ಚಿತ್ರ. ದೊಡ್ಡದನ್ನು ಕುಗ್ಗಿಸಿದರಾಯಿತಲ್ಲ ಎನ್ನಬಹುದು, ಆಗುವುದಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡು 48ರಲ್ಲಿ ಗೂಡಿನಂತೆಯೇ ಕಂಡರೂ 16ಕ್ಕೆ ಇಳಿದಾಗ ಕೋಳಿಮೊಟ್ಟೆಯಾಗುತ್ತದೆ. ಸಣ್ಣ ಅಳತೆಗೆ ಗೆರೆ ಕಡಿಮೆ ಮಾಡಿ ಹೊಸದಾಗಿಯೇ ಬರೆಯಬೇಕು. ಹಾಗಾಗಿ ಫೋಲ್ಡರ್, ಕಸದಬುಟ್ಟಿ, ಹೋಮ್ ಹೀಗೆ ಆರೇಳು ಮಾತ್ರ ಕೇಳಿ. ಲಿನಕ್ಸ್‌ನಲ್ಲಾದರೆ ಉಳಿದವನ್ನು ಈಗಿರುವ ಐಕಾನ್ ಸೆಟ್‌ನಿಂದಲೇ ಎತ್ತಿಕೊಳ್ಳುವಂತೆ ಡಿಸೈನರ್ ಒಂದು ಸಾಲು ಬರೆದಿಡುತ್ತಾರೆ.

ಬಣ್ಣವನ್ನು ‘ಗಾಢ ಹಳದಿ’ ಎನ್ನದೆ, ಬಣ್ಣವನ್ನು ನಿಖರವಾಗಿ ಗುರುತಿಸುವ ಆರಂಕಿಯ ಹೆಕ್ಸ್ ಕೋಡ್‌ನಲ್ಲಿ ಕೊಡಿ. ಸಣ್ಣ ಅಕ್ಷರ ಓದಲು ಹಿನ್ನೆಲೆಗೂ ಅಕ್ಷರಕ್ಕೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಹೊಳಪಿನ ಅಂತರ) ಇರಬೇಕೆಂಬುದು ಒಪ್ಪಿತ ಅಳತೆ. ಅಚ್ಚ ಹಳದಿಯ ಮೇಲೆ ಬಿಳಿ ಅಕ್ಷರಕ್ಕೆ ಸಿಗುವುದು 1.07:1, ಅಂದರೆ ಏನೂ ಕಾಣದು. ಹಳದಿಯ ಮೇಲೆ ಕೆಂಪು ಸುಮಾರು 3.7:1, ಅದೂ ಸಾಲದು. ಹಳದಿಯ ಮೇಲೆ ಕಪ್ಪು 19ನ್ನು ದಾಟುತ್ತದೆ. ಬಾವುಟದ ಎರಡೂ ಬಣ್ಣ ಇರಲೇಬೇಕೆಂದರೆ ಕೆಂಪನ್ನು ಅಂಚುಪಟ್ಟಿಗೆ ಬಿಡಿ, ಅಕ್ಷರಕ್ಕೆ ಬೇಡ.

ನಮ್ಮವರು ಹೇಳಲು ಮರೆಯುವುದು ಒತ್ತಕ್ಷರವನ್ನು. ಇಂಗ್ಲಿಷ್ ಅಕ್ಷರದ ಎತ್ತರ ನೋಡಿ ಮೆನು, ಟೈಟಲ್ ಬಾರ್ ಅಳೆದಿದ್ದರೆ ‘ಶಿಡ್ಲಘಟ್ಟ’ದ ಒತ್ತುಗಳು ಕೆಳಗಡೆ ಕತ್ತರಿಸಿಹೋಗುತ್ತವೆ. ಕನ್ನಡ ಬಾರದ ಡಿಸೈನರ್‌ಗೆ ಇದು ಹೊಳೆಯುವುದೇ ಇಲ್ಲ. ‘ಚಿಕ್ಕಬಳ್ಳಾಪುರ’, ‘ರಾಷ್ಟ್ರ’, ‘ಸ್ತ್ರೀ’ ಎಂದು ಹೆಸರಿಟ್ಟ ಮೂರು ಫೋಲ್ಡರ್‌ಗಳ ಸ್ಕ್ರೀನ್‌ಶಾಟನ್ನೂ, ನೀವು ಬಳಸುವ ಫಾಂಟಿನ ಹೆಸರನ್ನೂ ಜೊತೆಗೆ ಕಳಿಸಿ.

ಫೋಟೊ ನೀವೇ ತೆಗೆದದ್ದಾಗಿರಲಿ, ಇಲ್ಲವೇ ತೆಗೆದವರ ಒಪ್ಪಿಗೆ ಇರಲಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ವಿಂಡೋಸ್‌ನ ಐಕಾನ್‌ಗಳು ಎಡಕ್ಕೆ ಸಾಲಾಗಿ ನಿಲ್ಲುವುದರಿಂದ ಬೆಟ್ಟವೋ ಗೋಪುರವೋ ಬಲಕ್ಕಿರುವ ಅಡ್ಡ ಫೋಟೊ ಆರಿಸಿ.

ಒಂದೇ ಕೆಲಸವನ್ನು ಮೂವರಿಗೆ ಗುಟ್ಟಾಗಿ ಹೇಳುವುದು, ದಿನಾ ಬೆಳಿಗ್ಗೆ ‘ಆಯ್ತಾ ಸರ್?’ ಎನ್ನುವುದು, ಇವೆರಡೂ ಬೇಡ. ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿದರೆ ಸಾಕು. ತಿದ್ದುಪಡಿಗಳನ್ನೆಲ್ಲ ಒಟ್ಟಿಗೆ ಹೇಳಿ. ‘ಇನ್ನೂ ಸ್ವಲ್ಪ ಚೆನ್ನಾಗಿರಲಿ’ ಎಂದರೆ ಯಾರಿಗೂ ಅರ್ಥವಾಗದು. ‘ಆರಿಸಿದ ಫೈಲಿನ ಹೆಸರು ಕಾಣುತ್ತಿಲ್ಲ’ ಎಂದರೆ ಐದು ನಿಮಿಷದಲ್ಲಿ ಸರಿಹೋದೀತು. ಸೈಬರ್ ಸೆಂಟರ್‌ಗೋ ಅಂಗಡಿಗೋ ಬೇಕಿದ್ದರೆ ಮೊದಲೇ ತಿಳಿಸಿ, ದುಡ್ಡಿನ ಮಾತೂ ಅಲ್ಲೇ ಆಗಲಿ.

ಫೈಲ್ ಬಂದಾಗ ಒಂದೇ ಯಂತ್ರದಲ್ಲಿ, ಬೇರೆ ಯೂಸರ್ ಖಾತೆ ತೆರೆದು ಹಾಕಿ ನೋಡಿ. ಎರಡು ದಿನ ಓಡಿದ ಮೇಲೆ ಉಳಿದವಕ್ಕೆ ಹಾಕಿ. ಒಳಗಿರುವ ಲೈಸೆನ್ಸ್ ಫೈಲನ್ನು ಅಳಿಸಬೇಡಿ. ಪಕ್ಕದ ಕಾಲೇಜಿಗೆ ಕೊಡುವಾಗ ಮಾಡಿದವರ ಹೆಸರು ಅದರ ಜೊತೆಗೇ ಹೋಗುತ್ತದೆ.