ಒಂದೇ ರೂಟರ್, ಎರಡು ದಾರಿಪಟ್ಟಿ

ಕಕ್ಕಡದ ಗಾಳಿಮಳೆಗೆ ಮರ ಬಿದ್ದು ಕೇಬಲ್ ತುಂಡಾಗುವುದು ಕೊಡಗಿನವರಿಗೆ ಹೊಸದಲ್ಲ. ಹಾಗಾಗಿ ಎರಡು ಕಂಪನಿಗಳ ಇಂಟರ್‌ನೆಟ್ ಹಾಕಿಸಿಕೊಂಡ ಹೋಂಸ್ಟೇಗಳಿವೆ. ಒಂದು ಅತಿಥಿಗಳಿಗೆ, ಇನ್ನೊಂದು ತೋಟದ ಆಫೀಸು, ಸಿಸಿಟಿವಿಗೆ. ತಕರಾರು ಏನೆಂದರೆ, ಎರಡನ್ನೂ ಒಂದೇ ರೂಟರಿಗೆ ಜೋಡಿಸಿದಾಗ ಎರಡೂ ಕಂಪನಿಗಳ ಡಬ್ಬಿಯ ವಿಳಾಸ ಒಂದೇ ಆಗಿರಬಹುದು: 192.168.1.1.

ಯಾರದೂ ತಪ್ಪಲ್ಲ. 192.168ರಿಂದ ಶುರುವಾಗುವ ವಿಳಾಸಗಳನ್ನು ಯಾರು ಬೇಕಾದರೂ ತಮ್ಮೊಳಗೆ ಬಳಸಿಕೊಳ್ಳಲಿ ಎಂದು 1996ರ ಆರ್‌ಎಫ್‌ಸಿ 1918 ಎಂಬ ಇಂಟರ್‌ನೆಟ್ ದಾಖಲೆ ಬಿಟ್ಟುಕೊಟ್ಟಿದೆ. ಕಾಫಿ ತೋಟದ ಒಂದನೇ ಬ್ಲಾಕ್ ಇದ್ದ ಹಾಗೆ, ಅದು ಎಲ್ಲ ಎಸ್ಟೇಟಲ್ಲೂ ಇರುತ್ತದೆ. ಯಾವ ಎಸ್ಟೇಟು ಎಂದು ಗೊತ್ತಿದ್ದರೆ ಸಾಕು. ಮಾಮೂಲಿ ರೂಟರಿಗೆ ಅದೇ ಗೊತ್ತಿರುವುದಿಲ್ಲ. ಅದರ ಬಳಿ ಇರುವುದು ಒಂದೇ ದಾರಿಪಟ್ಟಿ, ಅಂದರೆ ಯಾವ ವಿಳಾಸಕ್ಕೆ ಯಾವ ಕಡೆ ಕಳಿಸಬೇಕು ಎಂದು ಹೇಳುವ ರೂಟಿಂಗ್ ಟೇಬಲ್.

ಇದಕ್ಕೆ ಮದ್ದು, ಪಟ್ಟಿಯನ್ನೇ ಬೇರೆ ಮಾಡುವುದು. ರೂಟರ್ ಕಂಪನಿ ಸಿಸ್ಕೊ ಇದನ್ನು ವಿಆರ್‌ಎಫ್ ಎನ್ನುತ್ತದೆ, ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಆರ್‌ಡೊಮೈನ್ ಎನ್ನುತ್ತದೆ; ಲಿನಕ್ಸ್‌ಗೆ 2015ರಲ್ಲಿ, 4.3 ಕರ್ನಲ್ ಜೊತೆ ಬಂತು. ತನ್ನದೇ ಪಟ್ಟಿ ಇರುವ ಇಂಥ ಒಂದೊಂದು ಗುಂಪೂ ಒಂದು ಡೊಮೈನ್. ಅತಿಥಿಗಳ ವೈಫೈ ಪೋರ್ಟು, ಅವರ ಲೈನಿನ ಪೋರ್ಟು ಎರಡನ್ನೂ ಡೊಮೈನ್ 1ಕ್ಕೆ ಹಾಕಿದರೆ, ಅಲ್ಲಿಂದ ಒಳಬಂದ ಪ್ಯಾಕೆಟ್ಟಿಗೆ ಆ ಡೊಮೈನಿನ ಪಟ್ಟಿ ಮಾತ್ರ ಲೆಕ್ಕ. ಆಫೀಸು ಡೊಮೈನ್ 0ಯಲ್ಲೇ ಉಳಿಯುತ್ತದೆ. ಫೈರ್‌ವಾಲ್ ಇದ್ದರೆ ದಾರಿ ಇರುತ್ತದೆ, ಕಾವಲೂ ಇರುತ್ತದೆ. ಇಲ್ಲಿ ದಾರಿಯೇ ಇಲ್ಲ. ನನಗೆ ಇದೇ ಹೆಚ್ಚು ನೆಮ್ಮದಿ. ನಿಯಮ ಬರೆಯುವಾಗ ಒಂದು ಸಾಲು ಮರೆತರೂ ಕ್ಯಾಮೆರಾ ಅತಿಥಿಗಳ ಮೊಬೈಲಿಗೆ ಸಿಗುವುದಿಲ್ಲ.

ಅಷ್ಟೇ ಬಿಗಿ ತೊಂದರೆಯನ್ನೂ ಕೊಡುತ್ತದೆ. ಅತಿಥಿಗಳ ಲೈನು ಹೋದರೆ ಅವರು ತಾವಾಗಿ ಆಫೀಸಿನ ಲೈನಿಗೆ ದಾಟಲಾರರು. ದಾಟಿಸಬೇಕೆಂದರೆ ಓಪನ್‌ಬಿಎಸ್‌ಡಿಯಲ್ಲಿ ಪಿಎಫ್ ಎಂಬ ಅದರ ಫೈರ್‌ವಾಲಿನ ನಿಯಮದಿಂದ ಬೇಕೆಂದೇ ದಾರಿ ಕೊಡಬೇಕು.

ಓಪನ್‌ಬಿಎಸ್‌ಡಿಯಲ್ಲಿ ಪೋರ್ಟನ್ನು ಡೊಮೈನಿಗೆ ಹಾಕುವ ಕೆಲಸ ಒಂದೇ ಸಾಲಿನದು: ‘ಇಫ್‌ಕಾನ್ಫಿಗ್ ಇಎಂ1 ಆರ್‌ಡೊಮೈನ್ 1’ (ಇಎಂ1 ಪೋರ್ಟಿನ ಹೆಸರು). ಆದರೆ ಎಂಟರ್ ಒತ್ತಿದ ಕೂಡಲೇ ಆ ಪೋರ್ಟಿನ ಐಪಿ ವಿಳಾಸ ಅಳಿಸಿಹೋಗುತ್ತದೆ. ಸಿಸ್ಕೊದಲ್ಲೂ ಹೀಗೆಯೇ, ಲಿನಕ್ಸ್‌ನಲ್ಲಿ ಐಪಿವಿ4 ವಿಳಾಸ ಉಳಿಯುತ್ತದೆ. ಹಾಗಾಗಿ ಪೋರ್ಟಿನ ಸೆಟ್ಟಿಂಗ್ ಫೈಲಿನಲ್ಲಿ ಡೊಮೈನ್ ಸಾಲು ಮೊದಲು, ವಿಳಾಸ ಆಮೇಲೆ. ಮೈಸೂರಲ್ಲಿ ಕೂತು ಅದೇ ಪೋರ್ಟಿನ ಮೂಲಕ ಲಾಗಿನ್ ಆಗಿ ಇದನ್ನು ಮಾಡಿದರೆ, ಮುಂದಿನ ಕಮಾಂಡ್ ಕೊಡಲು ಘಟ್ಟ ಹತ್ತಬೇಕಾದೀತು.

ಇನ್ನೊಂದು: ಲೈನು ಇದೆಯೇ ಎಂದು ನೋಡಲು ರೂಟರಿನಿಂದಲೇ ಪಿಂಗ್ ಮಾಡಿದರೆ ಅದು ಡೊಮೈನ್ 0ಯಿಂದ ಹೊರಡುತ್ತದೆ. ಅತಿಥಿಗಳ ಲೈನು ಸತ್ತಿದೆ ಎಂದು ಕಂಪನಿಗೆ ಫೋನ್ ಹಚ್ಚುವ ಮೊದಲು ಪಿಂಗ್ ಜೊತೆ ‘-V 1’ (ದೊಡ್ಡ ಅಕ್ಷರದ ವಿ) ಸೇರಿಸಿ ನೋಡಿ.